ಸುನಂದಮ್ಮನ ಒಂದೆಲಗ

ಸಾಯುತ್ತಿರುವ ಕೋಶಗಳು ತನಗೆ ಚೆಂದ ಕಾಣುತ್ತವೆ ಎಂಬುದನ್ನು ಪ್ರಮೀಳಾ ಯಾರ ಹತ್ತಿರವೂ ಹೇಳಿರಲಿಲ್ಲ. ಡೈರಿಯಲ್ಲಿ ಬರೆಯಲು ಹೋಗಿ, ಆಮೇಲೆ ಓದಿಕೊಂಡರೆ ತಾನು ಎಂಥವಳು ಅನ್ನಿಸೀತೋ ಎಂದು ಪೆನ್ನಿನ ಮುಚ್ಚಳ ಹಾಕಿಬಿಟ್ಟಿದ್ದಳು. ಈಗ ಮೈಸೂರಿನಿಂದ ಹುಣಸೂರಿಗೆ ಹೊರಟ ಕೆಂಪು ಬಸ್ಸಿನ ಕಿಟಕಿಗೆ ತಲೆಯಾನಿಸಿ, ಬಿಳಿಕೆರೆ ದಾಟುವ ಹೊತ್ತಿಗೆ, ತನಗೆ ತಾನೇ ಒಪ್ಪಿಕೊಂಡಳು. ಹೌದು, ಚೆಂದವೇ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕತ್ತಲೆಯ ನಡುವೆ ನೀಲಿ ಮಣಿಯೊಂದು ತನ್ನಷ್ಟಕ್ಕೆ ಚೂರಾಗಿ ಹೊಳೆಯುತ್ತದೆ. ಸದ್ದಿಲ್ಲ, ರಂಪವಿಲ್ಲ. ನೋಡುತ್ತಾ ಕೂತರೆ ಊಟದ ಹೊತ್ತು ಮೀರಿದ್ದೂ ಗೊತ್ತಾಗುವುದಿಲ್ಲ. ಮನೆಯಲ್ಲಿ ಕಾಯಿಲೆಯವರನ್ನು ಇಟ್ಟುಕೊಂಡವಳಿಗೆ ಇದು ತರವೇ?

ಎಂ.ಎಸ್ಸಿ. ಮುಗಿಸಿ ಡಾಕ್ಟರ್ ಕನಕರಾಜು ಅವರ ಪ್ರಯೋಗಾಲಯಕ್ಕೆ ಸಹಾಯಕಿಯಾಗಿ ಸೇರಿ ಅವಳಿಗೆ ವರ್ಷವಾಗಿತ್ತು. ಅವರ ಬದುಕೆಲ್ಲ ಕೋಶಗಳ ಸಾವಿನ ಹಿಂದೆಯೇ ಕಳೆದಿತ್ತು. ಮೊದಲ ದಿನವೇ ಕಾಫಿ ಲೋಟವನ್ನು ಅವಳ ಮುಂದೆ ತಳ್ಳಿ ಹೇಳಿದ್ದರು: "ನೋಡಮ್ಮ, ಗಡ್ಡೆಯ ಕೋಶ ಸಾಯೋದನ್ನ ಮರೆತಿದೆ, ಅದಕ್ಕೆ ನೆನಪು ಮಾಡಿಕೊಡಬೇಕು. ಪಕ್ಕದಲ್ಲೇ ಇರೋ ನರಕೋಶಕ್ಕೆ ಮಾತ್ರ, ನೀನು ಸಾಯಬೇಡಪ್ಪ ಅಂತ ಕೈಮುಗೀಬೇಕು. ಎರಡೂ ಒಂದೇ ತಲೆಯೊಳಗೆ. ನಮ್ಮ ಪಾಡು ಅಷ್ಟೇ." ಪ್ರಮೀಳಾ ತಲೆಯಾಡಿಸಿದ್ದಳು. ಅವಳ ಮಾತುಕತೆಯೆಲ್ಲ ಬಹುಮಟ್ಟಿಗೆ ತಲೆಯಾಡಿಸುವುದರಲ್ಲೇ ಮುಗಿಯುತ್ತಿತ್ತು.

ಬಸ್ಸು ಇಳಿದು ಕಟ್ಟೆಮಳಲವಾಡಿಯ ಆಟೋ ಹಿಡಿದಳು. ಅಪ್ಪ ಅಮ್ಮ ಇರುವುದು ರಾವಂದೂರಿನಲ್ಲಿ. ಆದರೆ ಹುಣಸೂರಿನ ಕಾಲೇಜಿಗೆ ಹತ್ತಿರವೆಂದು ಐದು ವರ್ಷ ಅವಳನ್ನು ಸಾಕಿದ್ದು ಚಿಕ್ಕಮ್ಮ ಸುನಂದಮ್ಮ. ಹೋದ ಬೇಸಿಗೆಯಲ್ಲಿ ಆ ಚಿಕ್ಕಮ್ಮನ ತಲೆಯಲ್ಲೇ ಗಡ್ಡೆ ಸಿಕ್ಕಿತ್ತು. ಆಪರೇಷನ್ನಿನಲ್ಲಿ ತೆಗೆಯಲಾದಷ್ಟು ತೆಗೆದಿದ್ದರು. ಉಳಿದದ್ದಕ್ಕೆ ಮೈಸೂರಿನಲ್ಲಿ ವಿಕಿರಣ ಕೊಡಬೇಕು. ಊರಿನವರ ಬಾಯಲ್ಲಿ ಅದು ಕರೆಂಟು.

ಚಿಕ್ಕಮ್ಮನ ಮನೆಯ ಹತ್ತಿರ, ಹೊಗೆಸೊಪ್ಪನ್ನು ಬಿಸಿಯಲ್ಲಿ ಹದಮಾಡುವ ಬ್ಯಾರನ್ನಿನ ಮುಂದಿನ ಚಪ್ಪರದಲ್ಲಿ, ಹೆಂಗಸರು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಾ ಕೂತಿದ್ದರು. ಎಲ್ಲರ ಬೆರಳೂ ಅಂಟಿನಿಂದ ಕಪ್ಪಾಗಿದ್ದವು. ಪಕ್ಕದ ಮನೆಯ ಬಸವಮ್ಮ ಮೊದಲು ನೋಡಿದಳು.

"ಬಂದ್ಳು ನೋಡಿ ಡಾಕ್ಟ್ರಮ್ಮ! ಅಲ್ಲ ಕಣವ್ವ, ನನ್ ಮಂಡಿಗೂ ಒಂದು ಸೊಪ್ಪು ತಕ್ಕೊಂಡೋಗಿ ಔಸ್ದಿ ಮಾಡಬಾರ್ದಾ? ಬರೀ ತಲೆ ಇರೋರಿಗೇ ಮಾಡ್ತಾ ಕೂತ್ರೆ ನಮ್ಮಂತೋರ ಗತಿ ಏನು?"

"ತಲೆ ಇದ್ದಿದ್ರೆ ನಿನ್ ಪಕ್ಕ ಕೂತು ಸೊಪ್ಪು ಕಟ್ತಿದ್ನೇನೆ?" ಎಂದಳು ಸುನಂದಮ್ಮ. ಬೋಳಿಸಿದ ತಲೆಗೆ ಸುತ್ತಿದ್ದ ಹಳೇ ಸೀರೆಯ ತುಂಡನ್ನು ಸರಿಮಾಡಿಕೊಂಡು ನಕ್ಕಳು. "ಬಾ ಮಗ. ಬೆಳಗ್ಗೆನೂ ಒಂದೆಲಗ ಅರೆದು ಕುಡ್ದೆ. ನೀನು ಏಳ್ದಂಗೇ."

ಪ್ರಮೀಳಾ ಹಾಗೇನೂ ಹೇಳಿರಲಿಲ್ಲ. ಎರಡು ತಿಂಗಳ ಹಿಂದೆ ಕಾಲುವೆಯ ಅಂಚಿನಲ್ಲಿ ಬೆಳೆದ ಒಂದೆಲಗವನ್ನು ಕಿತ್ತು, ತೊಳೆದು, ಐಸು ತುಂಬಿದ ಥರ್ಮೋಕೋಲ್ ಡಬ್ಬದಲ್ಲಿಟ್ಟು ಮೈಸೂರಿಗೆ ಒಯ್ದಿದ್ದಳು, ಅಷ್ಟೇ. ಆ ರಸ ನರಕೋಶಗಳನ್ನು ಕಾಪಾಡುತ್ತದೆಯೇ ಎಂದು ಕನಕರಾಜು ನೋಡಬೇಕಿತ್ತು. "ಯಾಕೆ ಮಗ ಇಷ್ಟೊಂದು?" ಎಂದು ಚಿಕ್ಕಮ್ಮ ಕೇಳಿದಾಗ, "ತಲೆ ಕಾಯಿಲೆಗೆ, ಲ್ಯಾಬಲ್ಲಿ ನೋಡೋಕೆ" ಅಂದಿದ್ದಳು. ಆ ಒಂದು ಮಾತು ಸೊಪ್ಪು ಕಟ್ಟುವ ಚಪ್ಪರದಲ್ಲಿ ಕೈಯಿಂದ ಕೈಗೆ ದಾಟಿ, ಸಂಜೆಯೊಳಗೆ ಸುನಂದಮ್ಮನಿಗೆ ಮನೆಮಗಳೇ ಔಷಧಿ ಮಾಡುತ್ತಿದ್ದಾಳೆ ಎಂದಾಗಿತ್ತು. ಕೇಳಿದವರಿಗೆಲ್ಲ ಪ್ರಮೀಳಾ "ನೋಡೋಣ" ಅಂದಳು. ಮಾತೇ ಆಡದ ಹುಡುಗಿ ನೋಡೋಣ ಅಂದರೆ ಆಯಿತೆಂದೇ ಲೆಕ್ಕ.

ಅವಳಿಗೂ ಆಸೆ ಹುಟ್ಟದೆ ಇರಲಿಲ್ಲ. ಕನಕರಾಜು ಅವರನ್ನು ಕೇಳಿಕೊಂಡು, ಗಡ್ಡೆಯ ಕೋಶಗಳ ತಟ್ಟೆಗೂ ಆ ರಸವನ್ನು ಹನಿಸಿದ್ದಳು. ಕಡಿಮೆ ಹಾಕಿದಳು, ಹೆಚ್ಚು ಹಾಕಿದಳು. ಹೋದ ವಾರ ಕೊನೆಯ ಸಲ ಕಣ್ಣಿಟ್ಟು ನೋಡಿದಾಗ ಒಂದು ಮಣಿಯೂ ಒಡೆದಿರಲಿಲ್ಲ. ಜಾತ್ರೆಗೆ ಬಂದವರ ಹಾಗೆ ಹಾಯಾಗಿ ಒಂದರ ಮೇಲೊಂದು ಹತ್ತಿ ಕೂತಿದ್ದವು.

ಚಿಕ್ಕಪ್ಪ ಶಿವನಂಜಪ್ಪ ಬ್ಯಾರನ್ನಿನ ಒಲೆಗೆ ಸೌದೆ ತಳ್ಳಿ, ಬೆವರೊರೆಸಿಕೊಳ್ಳುತ್ತಾ ಅವಳನ್ನು ಪಕ್ಕಕ್ಕೆ ಕರೆದ.

"ಸೋಮವಾರ ಕರೆಂಟು ಕೊಡ್ತೀವಿ ಬನ್ನಿ ಅಂದವ್ರೆ ಕಣವ್ವ. ಇವ್ಳು ಒಲ್ಲೆ ಅಂತಾಳೆ. ಕೂಸು ಔಸ್ದಿ ಮಾಡ್ತಾ ಅದೆ, ಸುಮ್ನೆ ಯಾಕೆ ತಲೆ ಸುಡಿಸ್ಕೊಳ್ಳಾನ ಅಂತ ಒಂದೇ ಅಟ. ತಡ ಮಾಡಬ್ಯಾಡಿ, ಅದು ಬೆಳೀತದೆ ಅಂತಾರೆ ಡಾಕ್ಟ್ರು. ನೀನೇ ಏಳು, ಕಾಯಾನಾ?"

ಬಾಯಿ ತೆರೆದಳು. ಬಿಸಿಗಾಳಿಯೇ ಒಳಗೆ ಹೋಯಿತು.

"ನೋಡೋಣ ಚಿಕ್ಕಪ್ಪ."

ಅವನ ಮುಖ ಹಗುರಾಯಿತು. "ಸರಿ ಬುಡು ಅಂಗಾರೆ. ಮುಂದಕ್ಕಾಕಾನ ಅಂತ ಬೆಳಗ್ಗೆ ಫೋನ್ ಮಾಡುಸ್ತೀನಿ."

ಅವನು ಸೌದೆಯ ಕಡೆ ತಿರುಗಿದ. ಪ್ರಮೀಳಾ ನಿಂತಲ್ಲೇ ನಿಂತಳು.

"ಬಾ ಇಲ್ಲಿ, ಒಂದು ಚೆಂದ ತೋರುಸ್ತೀನಿ" ಎಂದು ಸುನಂದಮ್ಮ ಬಲಗೈಯಿಂದ ಅವಳ ಮಣಿಕಟ್ಟು ಹಿಡಿದು ಬ್ಯಾರನ್ನಿನ ಹಿಂದಕ್ಕೆ ಕರೆದೊಯ್ದಳು. ಅಲ್ಲಿ ಗೋಡೆಯಲ್ಲಿ ಅಂಗೈಯಗಲದ ಗಾಜಿನ ಕಿಂಡಿ. ಒಳಗೆ ತೂಗುಹಾಕಿದ ಥರ್ಮಾಮೀಟರ್ ಓದುವುದಕ್ಕೆಂದು ಇಟ್ಟದ್ದು. ಇಬ್ಬರೂ ಕೆನ್ನೆಗೆ ಕೆನ್ನೆ ತಾಗಿಸಿ ಬಗ್ಗಿದರು.

ಒಳಗೆ ಮಂಜಿನಂಥ ಹಬೆ. ಸಾಲುಸಾಲು ಕಡ್ಡಿಗಳಿಗೆ ತಲೆಕೆಳಗಾಗಿ ಜೋತ ಎಲೆಗಳು ಅಂಚಿನಿಂದ ಹಳದಿಯಾಗುತ್ತಿದ್ದವು, ನಡುವಿನಲ್ಲಿ ಇನ್ನೂ ಹಸಿರು. ಅಲ್ಲಾಡುತ್ತಿವೆಯೋ ಇಲ್ಲವೋ ಹೇಳಲಾಗದು. ನೀರಿನೊಳಗೆ ಯಾರೋ ಬಟ್ಟೆ ಒಣಹಾಕಿದಂತೆ. ಬಿಸಿಲು ಎದುರು ಗೋಡೆಯ ಕಿಂಡಿಯಿಂದ ಬಂದು ಒಂದು ಎಲೆಯೊಳಗೆ ಹಾದು ಅದರ ನರನರವನ್ನೂ ತೋರಿಸಿತು. ಪ್ರಮೀಳಾಳಿಗೆ ತನ್ನ ಕಣ್ಣು ಯಾವ ಗಾಜಿನ ಮೇಲಿದೆ, ತಾನು ಯಾವ ಊರಿನಲ್ಲಿದ್ದೇನೆ ಎಂಬುದೇ ಒಂದು ಗಳಿಗೆ ಮರೆತುಹೋಯಿತು.

"ಕಿತ್ತ ಮೇಲೂ ಇವಕ್ಕೆ ಜೀವ ಇರ್ತದೆ ಕಣೆ" ಎಂದಳು ಸುನಂದಮ್ಮ ಕಿವಿಯ ಹತ್ತಿರವೇ, ಪಿಸುದನಿಯಲ್ಲಿ. "ಬೆಂಕಿ ಜಾಸ್ತಿ ಹಾಕಿದ್ಯೋ, ತಟ್ಟಂತ ಸತ್ತು ಹಸುರಾಗೇ ನಿಂತೋಗ್ತದೆ. ಮೆಲ್ಲಗೆ ಬುಟ್ರೆ ಇಂಗೆ ಬಂಗಾರ ಆಯ್ತದೆ. ಚೆಂದ ಅಲ್ವಾ?"

"ಚೆಂದ" ಎಂದಳು ಪ್ರಮೀಳಾ. ಹಾಗೆನ್ನಲು ನಾಚಿಕೆಯಾಗಲಿಲ್ಲ.

ಆಗ ಒಳಗಿನ ಒಂದು ಕಡ್ಡಿಯಿಂದ ಎಲೆಗಳ ಗೊಂಚಲು ಜಾರಿ ಕೆಳಗೆ ಬಿತ್ತು. ಸುನಂದಮ್ಮ ಗಾಜಿನಿಂದ ಮುಖ ತೆಗೆದು, ಎಡಗೈಯನ್ನು ಮುಂದೆ ಚಾಚಿ, ಯಾರದೋ ಸಾಮಾನು ನೋಡುವಂತೆ ನೋಡಿಕೊಂಡಳು. ಬೆರಳುಗಳು ಅರ್ಧ ಮಡಚಿ ನಿಂತಿದ್ದವು.

"ಅದು ನಾನು ಕಟ್ಟಿದ್ದು. ಈ ಕೈಗೆ ಗಂಟು ನಿಲ್ಲಾಕಿಲ್ಲ. ನಾನು ಎದ್ದು ನೀರು ಕುಡಿಯಾಕೆ ಓಗ್ಲಿ ಅಂತ ಕಾಯ್ತಾಳೆ ಬಸವಮ್ಮ. ನಾನು ಕಟ್ಟಿದ ಕಡ್ಡಿಯೆಲ್ಲ ಬಿಚ್ಚಿ ಮತ್ತೆ ಕಟ್ತಾಳೆ. ಇದೊಂದು ತಪ್ಪಿಸ್ಕೊಂಡದೆ." ನಕ್ಕಳು, ನಗು ಅರ್ಧಕ್ಕೆ ನಿಂತಿತು. "ನಿಮ್ ಚಿಕ್ಕಪ್ಪ ಕೊಟ್ಟಿಗೇಲಿ ನಿಂತ್ಕೊಂಡು ಅಳ್ತಾನೆ, ಒಳಕ್ಕೆ ಬಂದು ಹೊಗೆ ಕಣ್ಣಿಗೋಯ್ತು ಅಂತಾನೆ. ನಿಮ್ಮವ್ವ ಬಂದಾಗೆಲ್ಲ ದಪ್ಪ ಆಗಿದ್ದೀಯ ಕಣೆ ಅಂತಾಳೆ. ಎಲ್ರೂ ನನ್ನ ಮೊಟ್ಟೆ ಇಟ್ಕೊಂಡಂಗೆ ಇಟ್ಕೊಂಡವ್ರೆ. ನೀನು ಮಾತಾಡೋದೇ ಕಮ್ಮಿ, ಆಡಿದ್ರೆ ಸುಳ್ಳಾಡಾಕಿಲ್ಲ ಅಂತ ನಂಬ್ಕೊಂಡಿವ್ನಿ. ಏಳು ಮಗ, ಯಾವಾಗ ಬತ್ತದೆ ನಿನ್ನ ಔಸ್ದಿ? ಅಲ್ಲೀಗಂಟ ಈ ಕೈ ತಡೀತದಾ?"

ಚಪ್ಪರದ ಕಡೆಯಿಂದ ಹೆಂಗಸರ ನಗು ಕೇಳಿತು. ಒಲೆಯಲ್ಲಿ ಸೌದೆ ಚಟಪಟ ಅಂದಿತು. ಪ್ರಮೀಳಾಳ ನಾಲಗೆಯ ತುದಿಗೆ ಅದೇ ಹಳೇ ಮಾತು ತಾನಾಗಿಯೇ ಬಂದು ಕೂತಿತು. ಅದನ್ನು ಅಂದುಬಿಟ್ಟರೆ ಚಿಕ್ಕಮ್ಮ ಸಮಾಧಾನವಾಗಿ ಮನೆಗೆ ನಡೆಯುತ್ತಾಳೆ, ನಾಳೆ ಬೆಳಗ್ಗೆ ಒಂದೆಲಗ ಅರೆಯುತ್ತಾಳೆ, ಸೋಮವಾರ ಮುಂದೆ ಹೋಗುತ್ತದೆ, ಅದರ ಮುಂದಿನ ಸೋಮವಾರವೂ. ತಟ್ಟೆಯಲ್ಲಿ ಹಾಯಾಗಿ ಹತ್ತಿ ಕೂತಿದ್ದ ಕೋಶಗಳು ಕಣ್ಣಮುಂದೆ ಬಂದವು. ಆ ಅರ್ಧ ಮಡಚಿದ ಬೆರಳುಗಳನ್ನು ತನ್ನ ಎರಡೂ ಕೈಯೊಳಗೆ ತೆಗೆದುಕೊಂಡಳು. ಸೊಪ್ಪಿನ ಅಂಟು ಇಬ್ಬರಿಗೂ ಹತ್ತಿತು.

"ನನ್ನ ಹತ್ರ ಔಷಧಿ ಇಲ್ಲ ಚಿಕ್ಕಮ್ಮ" ಅಂದಳು, ತನ್ನ ದನಿ ತನಗೇ ದೊಡ್ಡದಾಗಿ ಕೇಳುವ ಹಾಗೆ. "ಆ ಸೊಪ್ಪಿಗೆ ಗಡ್ಡೆ ಸಾಯಲಿಲ್ಲ. ನಾನೇ ನೋಡಿದೀನಿ."