ಹುರುಳಿ ಹಾಸಿದ ರಸ್ತೆ

ಸುಗ್ಗಿ ಬಂತೆಂದರೆ ಕಾಡಸಿದ್ದಪ್ಪನ ಶೆಡ್ಡಿಗೂ ಸುಗ್ಗಿಯೇ. ಬಳ್ಳಾರಿಯ ಮೋತಿ ಸರ್ಕಲ್ಲಿನಿಂದ ಸ್ವಲ್ಪ ಆಚೆ, ಬೇವಿನ ಮರದ ಕೆಳಗೆ ತಗಡು ಹೊದಿಸಿದ ಆ ಶೆಡ್ಡಿಗೆ ಮೊದಲೆಲ್ಲ ಲಾರಿ, ಅಂಬಾಸಿಡರುಗಳೇ ಬರುತ್ತಿದ್ದವು. ಈಚಿನ ಕೆಲವು ವರ್ಷಗಳಿಂದ ಊರಲ್ಲಿ ಮಾರುತಿ ಕಾರು ಕಾಣತೊಡಗಿತ್ತು. ನೆಲಕ್ಕೆ ಅಂಟಿಕೊಂಡಂತಿರುವ ಪುಟ್ಟ ಗಾಡಿ. ಅದರ ಇಂಜಿನ್ನಿನ ಅಡಿಗೆ ಕೆಸರು ಸಿಡಿಯದಿರಲೆಂದು ಒಂದು ಕಪ್ಪು ಪ್ಲಾಸ್ಟಿಕ್ ತಟ್ಟೆ, ಆ ತಟ್ಟೆಯನ್ನು ಹಿಡಿದುಕೊಳ್ಳಲು ಅಂಗಿಗುಂಡಿಯಂಥ ಪ್ಲಾಸ್ಟಿಕ್ ಕ್ಲಿಪ್ಪುಗಳು. ಹಳ್ಳಿಯವರು ಹುರುಳಿ, ನವಣೆ ಎಲ್ಲವನ್ನೂ ರಸ್ತೆಗೆ ಹಾಸಿ, ಹೋಗಿಬರುವ ಗಾಡಿಗಳ ಗಾಲಿಯಿಂದಲೇ ಒಕ್ಕಣೆ ಮಾಡಿಸಿಕೊಳ್ಳುವ ದಿನಗಳು ಬಂದರೆ ಈ ಕ್ಲಿಪ್ಪುಗಳ ಕಥೆ ಮುಗಿಯಿತು. ಬಳ್ಳಿ ಸಿಕ್ಕಿಕೊಂಡು ಜಗ್ಗಿ ಜಗ್ಗಿ ಅವು ಸವೆಯುತ್ತಿದ್ದವು, ಮುರಿಯುತ್ತಿದ್ದವು. ಮಾಲೀಕರು ರೈತರನ್ನು ಬೈದುಕೊಳ್ಳುತ್ತ ಶೆಡ್ಡಿಗೆ ಬರುತ್ತಿದ್ದರು. ಕಾಡಸಿದ್ದಪ್ಪ ನಗುನಗುತ್ತ ಬರಮಾಡಿಕೊಳ್ಳುತ್ತಿದ್ದ.

ಆ ದಿನ ಬೆಳಿಗ್ಗೆ ಬಂದವರು ಕುರುಗೋಡಿನ ಜವಳಿ ವ್ಯಾಪಾರಿ ವಿರೂಪಾಕ್ಷಪ್ಪ. ಕಾಡಸಿದ್ದಪ್ಪನೂ ಅದೇ ಊರಿನವನು. ತಾಯಿ, ಅಣ್ಣ ಇನ್ನೂ ಅಲ್ಲೇ ಹೊಲ ನೋಡಿಕೊಂಡಿದ್ದರು.

"ಕೆಳಗ ಏನೋ ಕರಕರ ಅಂತೈತಿ ನೋಡಪಾ ಸಿದ್ದಪ್ಪ," ಎಂದರು ವಿರೂಪಾಕ್ಷಪ್ಪ. "ಮಧ್ಯಾಹ್ನ ಕೊಟ್ರಮ್ಮನ್ನ ದವಾಖಾನಿಯಿಂದ ಬಿಡ್ತಾರ. ಆಪರೇಶನ್ ಆಗಿ ಹೆತ್ತಾಳ. ಕೂಸು ಬಾಣಂತಿ ಇಬ್ರನ್ನೂ ಊರಿಗೆ ಕರಕೊಂಡು ಹೋಗಬೇಕು. ನಮ್ಮಾಕಿ ಮನ್ಯಾಗ ಬಾಣಂತಿ ಕೋಣಿ ಸಾರಿಸಿ ಕಾಯಾಕ ಹತ್ಯಾಳ."

ಕೊಟ್ರಮ್ಮ ಅವರ ಒಬ್ಬಳೇ ಮಗಳು. ಸಿರುಗುಪ್ಪಕ್ಕೆ ಕೊಟ್ಟು ಬಹಳ ವರ್ಷ ಕಾದ ಮೇಲೆ ಮಡಿಲು ತುಂಬಿತ್ತು.

ಕಾಡಸಿದ್ದಪ್ಪ ಗೋಣಿತಟ್ಟು ಹಾಸಿ ಕಾರಿನಡಿಗೆ ಜಾರಿದ. ತಟ್ಟೆಯ ಹಿಂದಿನ ಕ್ಲಿಪ್ಪುಗಳು ಮುರಿದು ಹೋಗಿದ್ದವು. ಮುಂದಿನವು ಇದ್ದರೂ ಸವೆದು ಸಡಿಲಾಗಿದ್ದವು. ತಟ್ಟೆ ಅಲುಗಿಸಿದರೆ ಹುರುಳಿ ಬಳ್ಳಿಯ ಜೊತೆಗೆ ಒಂದು ಹಿಡಿ ಕಾಳು ಅವನ ಎದೆಯ ಮೇಲೆ ಉದುರಿತು.

"ಸಾವ್ಕಾರ್ರ, ಕಾರು ತಗೊಂಡೀರೋ, ಕಣದಾಗ ಹಂತಿ ಹೊಡ್ಯಾಕ ಎತ್ತು ತಗೊಂಡೀರೋ?" ಎಂದು ಕೆಳಗಿನಿಂದಲೇ ಕೇಳಿದ.

ವಿರೂಪಾಕ್ಷಪ್ಪ ನಗಲಿಲ್ಲ. "ಆ ಹುರುಳಿ ಯಾರದು ಗೊತ್ತೇನು? ನಿಮ್ಮಣ್ಣ ಮರಿಬಸಪ್ಪಂದು. ದಿನಾ ಅದರ ಮ್ಯಾಲೇ ಹಾಯ್ದು ಬರ್ತೀನಿ. ಒಂದೂರಾಗ ಇದ್ದು ಹೆಂಗ ಅನ್ನೂದಂತ ಸುಮ್ಕ ಅದೀನಿ."

ಕಾಡಸಿದ್ದಪ್ಪನಿಗೆ ಸ್ವಲ್ಪ ಮುಜುಗರವಾಯಿತು. "ಎತ್ತು ಮಾರಿದ ಮ್ಯಾಲೆ ಅವನರ ಏನ್ ಮಾಡ್ತಾನ್ರಿ," ಎಂದಷ್ಟೇ ಹೇಳಿ ಕೆಲಸಕ್ಕೆ ಕೈಹಾಕಿದ.

ಕ್ಲಿಪ್ಪಿನ ಡಬ್ಬಿ ನೋಡಿದರೆ ಖಾಲಿ. ಈ ಸುಗ್ಗಿಯಲ್ಲಿ ಬಂದ ಗಾಡಿಗಳೇ ಅಷ್ಟು. ಹುಬ್ಬಳ್ಳಿಯಿಂದ ಹೊಸವು ಬರಬೇಕಿತ್ತು. ಅವನು ಮನೆ ಕಟ್ಟುವವರು ಕಬ್ಬಿಣದ ಸಲಾಕಿಗೆ ಬಿಗಿಯುವ ತಂತಿ ತಂದು, ಎರಡೆಳೆ ಮಾಡಿ, ತಟ್ಟೆಯ ಹಿಂಭಾಗವನ್ನು ಚೆನ್ನಾಗಿ ಬಿಗಿದ. "ಈಗ ಆನಿ ಜಗ್ಗಿದ್ರೂ ಬರಂಗಿಲ್ರೀ. ಕ್ಲಿಪ್ಪು ಬಂದ ಕೂಡ್ಲೆ ಹಾಕಿಕೊಡ್ತೀನಿ," ಎಂದು ಕೈ ಒರೆಸಿಕೊಂಡ. ವಿರೂಪಾಕ್ಷಪ್ಪ ಆಸ್ಪತ್ರೆಯ ಕಡೆ ಹೊರಟರು.

ಮಧ್ಯಾಹ್ನ ಆ ಕಾರು ಶೆಡ್ಡಿನ ಮುಂದೆಯೇ ಹಾಯ್ದು ಊರ ಕಡೆ ಹೋಯಿತು. ಹಿಂದಿನ ಸೀಟಿನಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡ ಕೊಟ್ರಮ್ಮ, ತೊಡೆಯ ಮೇಲೆ ಬಿಳಿ ಗಂಟಿನಂಥ ಕೂಸು. ಕಾಡಸಿದ್ದಪ್ಪ ಕೈಯೆತ್ತಿ ಕಳಿಸಿಕೊಟ್ಟ. ಅದಾದ ಸ್ವಲ್ಪ ಹೊತ್ತಿಗೆ ಅವನ ತಾಯಿ ಗುರುಬಸಮ್ಮ ರೊಟ್ಟಿಗಂಟು ಬಗಲಲ್ಲಿಟ್ಟುಕೊಂಡು ಬಸ್ಸಿಳಿದು ಬಂದಳು. ಆಕೆ ಬಂದಳೆಂದರೆ ಮೊದಲು ಮಾತು, ಆಮೇಲೆ ನೀರು.

"ಇವತ್ತು ಉಳದದ್ದು ಅಷ್ಟೂ ರಸ್ತೆಗೆ ಹಾಕೀವಿ ನೋಡಲೇ ಸಿದ್ದಾ. ನಮ್ಮ ಹೊಲದ ಬದುವಿನಿಂದ ಹಳ್ಳದ ಮೋರಿತನಕ, ಮೊಣಕಾಲ ಮಟ. ಬಸ್ಸಿನ ಡ್ರೈವರ ಬಾಯಿಗೆ ಬಂದಂಗ ಬೈದ. ಬೈಯವಲ್ಲನ್ಯಾಕ, ಕಾಳು ಉದುರಿದ್ರ ಸಾಕು."

ರೊಟ್ಟಿ ಮುರಿಯುತ್ತಿದ್ದ ಕಾಡಸಿದ್ದಪ್ಪನ ಕೈ ನಿಂತಿತು.

ಮೊಣಕಾಲ ಮಟ. ದಿನದ ಹಾಗೆ ತೆಳ್ಳಗಲ್ಲ. ಕಾರು ಅದರೊಳಗೆ ನುಗ್ಗಿದರೆ ಸಡಿಲಾದ ಮುಂಭಾಗ ಬಾಯಿ ತೆರೆಯುತ್ತದೆ. ಬಳ್ಳಿ ಒಳಗೆ ತುಂಬಿಕೊಳ್ಳುತ್ತದೆ. ಹಿಂದೆ ಕ್ಲಿಪ್ಪು ಇದ್ದಿದ್ದರೆ ಭಾರಕ್ಕೆ ಪಟ್ಟೆಂದು ಮುರಿದು ತಟ್ಟೆ ಕಳಚಿ ಬೀಳುತ್ತಿತ್ತು, ಹಾಳಾದರೆ ತಟ್ಟೆಯೊಂದೇ. ಈಗ ತಂತಿ ಬಿಡುವುದಿಲ್ಲ. ಮೊರದಲ್ಲಿ ಹಿಡಿದಂತೆ ಒಣಗಿದ ಹುರುಳಿಯನ್ನು ಇಂಜಿನ್ನಿನ ಹೊಗೆ ಬಿಡುವ ಕಾದ ಕೊಳವೆಗೆ ಒತ್ತಿ ಹಿಡಿದಿರುತ್ತದೆ. ತಟ್ಟೆಯನ್ನೇ ಬಿಚ್ಚಿ ಡಿಕ್ಕಿಯಲ್ಲಿ ಹಾಕಿ ಕಳಿಸಿದ್ದರೂ ಆಗುತ್ತಿತ್ತು. ಅಷ್ಟು ಬುದ್ಧಿ ತನಗೆ ಹೊಳೆದಿರಲಿಲ್ಲ.

"ಯಾಕಲೇ, ರೊಟ್ಟಿ ಹಿಡಕೊಂಡು ದೆವ್ವ ಬಡದಂಗ ಕುಂತಿ?"

ಅವನು ತಂತಿ ಕತ್ತರಿಸುವ ಪಕ್ಕಡ ಜೇಬಿಗೆ ಹಾಕಿಕೊಳ್ಳುತ್ತ ನಾಲ್ಕು ಮಾತಿನಲ್ಲಿ ಹೇಳಿದ. ಗುರುಬಸಮ್ಮ ನಂಬಲಿಲ್ಲ. "ಎಷ್ಟು ಗಾಡಿ ಹಾಯ್ದಾವ ನಮ್ಮ ಹುರುಳಿ ಮ್ಯಾಲೆ. ಒಂದಕ್ಕರ ಬೆಂಕಿ ಹತ್ತೈತೇನು?" ಎಂದಳು. ಮಗ ರಾಜದೂತ್ ಬೈಕಿಗೆ ಒದ್ದದ್ದು ನೋಡಿ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ತಡಿ, ನಾನೂ ಬರ್ತೀನಿ. ಹುರುಳಿ ನಂದು."

ರೈಲುಗೇಟು ಬಿದ್ದಿತ್ತು. ಅದಿರಿನ ಗೂಡ್ಸು ಗಾಡಿ, ಮುಗಿಯುವಂತೆಯೇ ಕಾಣಲಿಲ್ಲ. ಕಾಡಸಿದ್ದಪ್ಪ ಹ್ಯಾಂಡಲನ್ನು ಹಿಡಿದು ಹಿಡಿದು ಅಂಗೈ ಬೆವರಿಸಿಕೊಂಡ. ಗೇಟಿನ ಪಕ್ಕದ ಚಹಾದಂಗಡಿಯವನನ್ನು, "ಬಿಳಿ ಮಾರುತಿ ಹೋತೇನ್ರಿ?" ಎಂದು ಕೇಳಿದರೆ, "ಆಗಲೇ ಹೋತಲ್ರೀ, ಕೂಸಿತ್ತು ಅದರಾಗ," ಎಂದ.

ಗೇಟು ದಾಟಿದ ಮೇಲೆ ಗುರುಬಸಮ್ಮ ಬೆನ್ನ ಹಿಂದಿನಿಂದ ಶುರುಮಾಡಿದಳು. "ಕಣ ಮಾಡೂದಂದ್ರ ಹುಡುಗಾಟ ಅಲ್ಲ. ಹುಲ್ಲು ಕೆತ್ತಬೇಕು, ನೀರು ಹೊಡದು ಸಗಣಿ ಬಳೀಬೇಕು, ಎತ್ತು ಬಾಡಿಗಿ ತರಬೇಕು. ನೀ ಪ್ಯಾಟಿಗೆ ಬಂದು ಕುಂತಿ. ಮರಿಬಸ ಒಬ್ಬಾವ ಎಷ್ಟಂತ ಸತ್ತಾನು? ರಸ್ತೆ ಏನು ಕಾರಿನವ್ರ ಅಪ್ಪಂದೇನು?"

"ನಮ್ಮಪ್ಪಂದೂ ಅಲ್ಲಲ್ಲ ಯವ್ವಾ."

"ಹಂಗಾರ ಇಷ್ಟು ವರ್ಷ ಯಾಕ ಸುಮ್ಕಿದ್ದಿ? ಒಂದಿನರ ಬ್ಯಾಡ ಅಂದಿ?"

ಕಾಡಸಿದ್ದಪ್ಪ ಸುಳ್ಳು ಹೇಳಲಿಲ್ಲ. "ನೀವು ಹಾಕಿದಷ್ಟು ನನ್ನ ಶೆಡ್ಡಿಗೆ ಗಾಡಿ ಬರ್ತಿದ್ದವು. ಅದಕ್ಕ ಸುಮ್ಕಿದ್ದೆ."

ದೂರದಲ್ಲಿ ಹೊಗೆ ಕಂಡಾಗ ಅವನು ಬೈಕಿನ ವೇಗ ಹೆಚ್ಚಿಸಿದ. ಹತ್ತಿರ ಹೋದರೆ ಇಟ್ಟಿಗೆ ಭಟ್ಟಿ. ಒಂದು ಬಿಳಿ ಕಾರು ನಿಂತದ್ದು ಕಂಡಿತು. ಅದು ಬೇರೆ ಯಾರದೋ. ಬೆನ್ನಿಗೆ ಆತುಕೊಂಡ ತಾಯಿ ಬಾಯಲ್ಲಿ "ದೊಡ್ಡಬಸವಣ್ಣ, ದೊಡ್ಡಬಸವಣ್ಣ" ಎನ್ನುತ್ತಿದ್ದದ್ದು ಅವನಿಗೆ ಕೇಳಿಸಿತು. ಆಕೆಗೂ ಹೆದರಿಕೆ ಹೊಕ್ಕಿತ್ತು.

ಕುರುಗೋಡಿನ ಗುಡ್ಡ ಕಾಣುವ ಹೊತ್ತಿಗೆ ಸುಟ್ಟ ವಾಸನೆ ಮೂಗಿಗೆ ಬಡಿಯಿತು.

ಕಾರು ಹುರುಳಿಯ ನಟ್ಟನಡುವೆ ಸಿಕ್ಕಿಕೊಂಡಿತ್ತು. ಗಾಲಿ ತಿರುಗುತ್ತಿಲ್ಲವೆಂದು ವಿರೂಪಾಕ್ಷಪ್ಪ ಮತ್ತೆ ಮತ್ತೆ ಆಕ್ಸಿಲರೇಟರು ಒತ್ತುತ್ತಿದ್ದರು. ಒತ್ತಿದಾಗಲೆಲ್ಲ ಕೆಳಗಿನಿಂದ ಹಳದಿ ಹೊಗೆ. ಮುಂದೆ ಮರಿಬಸಪ್ಪ ಕವೆಗೋಲು ಹಿಡಿದು, "ಹಿಂದಕ ತಗೋರಿ, ಇನ್ನಾಟು ಹಿಂದಕ," ಎಂದು ದಾರಿ ತೋರಿಸುತ್ತಿದ್ದ. ಅದು ಧೂಳೆಂದೇ, ವಾಸನೆ ಕ್ಲಚ್ಚಿನದೆಂದೇ ಇಬ್ಬರೂ ತಿಳಿದಿದ್ದರು.

"ಇಂಜಿನ್ ಬಂದ್ ಮಾಡ್ರಿ, ಇಳೀರಿ," ಎಂದು ಕೂಗುತ್ತ ಕಾಡಸಿದ್ದಪ್ಪ ಬೈಕನ್ನು ಹಾಗೇ ಕೆಡವಿ ಓಡಿದ.

ಕೊಟ್ರಮ್ಮನಿಗೆ ಹೊಲಿಗೆಯ ನೋವಿಗೆ ಏಳಲಾಗಲಿಲ್ಲ. ಗುರುಬಸಮ್ಮ ಬಾಗಿಲು ತೆಗೆದು, "ಕೂಸು ಕೊಡವ್ವಾ, ಮೊದಲ ಕೂಸು ಕೊಡು," ಎಂದು ಕಿತ್ತುಕೊಂಡಂತೆ ಎತ್ತಿಕೊಂಡಳು. ಇನ್ನೊಂದು ಕೈಯಿಂದ ಬಾಣಂತಿಯ ರಟ್ಟೆ ಹಿಡಿದಳು. ಮೊಣಕಾಲುದ್ದದ ಬಳ್ಳಿ ಕಾಲಿಗೆ ತೊಡರುತ್ತಿತ್ತು. ತಾನೇ ಬೆಳಿಗ್ಗೆ ಹರವಿದ ಹುರುಳಿಯಲ್ಲಿ ತಾನೇ ಮುಗ್ಗರಿಸುತ್ತ, ಕೂಸನ್ನು ಎದೆಗೊತ್ತಿಕೊಂಡು, ಆಕೆ ರಸ್ತೆಯ ಬದಿಗೆ ಬಂದು ಮುಟ್ಟಿದಳು.

ಕಾರಿನಡಿಯಲ್ಲಿ ತಟ್ಟೆಯ ತುಂಬ ಕೆಂಡ ಉಸಿರಾಡುತ್ತಿತ್ತು. ಕಾಡಸಿದ್ದಪ್ಪ ಮಲಗಿಕೊಂಡೇ ಒಳಗೆ ಸರಿದು ಪಕ್ಕಡ ಹಾಕಿದ. ಬೆಳಿಗ್ಗೆ ಎರಡೆಳೆ ಮಾಡಿ ಬಿಗಿದಿದ್ದ ತಂತಿ ಬೇಗ ತುಂಡಾಗಲಿಲ್ಲ. ತನ್ನ ಕೈಗೆ ತಾನೇ ಶಾಪ ಹಾಕುತ್ತ ಇನ್ನೊಮ್ಮೆ ಒತ್ತಿದ. ತಟ್ಟೆ ಬಿತ್ತು. ಅದನ್ನು ಬರಿಗೈಯಲ್ಲೇ ಹೊರಗೆಳೆದಾಗ ಕರಗಿದ ಪ್ಲಾಸ್ಟಿಕ್ಕು ಅಂಗೈಗೆ ಅಂಟಿಕೊಂಡಿತು. ವಿರೂಪಾಕ್ಷಪ್ಪ, ಮರಿಬಸಪ್ಪ ಇಬ್ಬರೂ ಕಾರನ್ನು ಹಿಂದಕ್ಕೆ ನೂಕಿದರು. ಕೆಳಗಿನ ಹುರುಳಿ ಧಗ್ಗನೆ ಹೊತ್ತಿತು. ಮರಿಬಸಪ್ಪ ಮಣ್ಣೆರಚಿ, ಗೋಣಿಚೀಲ ಬಡಿದು ಆರಿಸುವಷ್ಟರಲ್ಲಿ ಒಂದು ಪಟ್ಟೆ ಬೆಳೆ ಬೂದಿಯಾಗಿತ್ತು.

ಜಾಲಿ ಮರದ ನೆರಳಲ್ಲಿ ಎಲ್ಲರೂ ಕುಳಿತ ಮೇಲೆ ವಿರೂಪಾಕ್ಷಪ್ಪ ಕಾಡಸಿದ್ದಪ್ಪನ ಸುಟ್ಟ ಅಂಗೈ ನೋಡಿದರು. "ನೀ ಬಂದಿ ಅಂತ ಉಳದ್ವಿ ಸಿದ್ದಪ್ಪ," ಎಂದರು.

"ಹಂಗನಬ್ಯಾಡ್ರಿ ಸಾವ್ಕಾರ್ರ. ತಂತಿ ಬಿಗದಾವ ನಾನು. ಹುರುಳಿ ಹಾಕಿದವ್ರು ನಮ್ಮ ಮನಿಯವ್ರು. ಕ್ಲಿಪ್ಪಿದ್ರ ಮುರದು ತಟ್ಟಿ ಬೀಳ್ತಿತ್ತು, ಇಷ್ಟಾಗತಿರ್ಲಿಲ್ಲ."

"ನಾನೂ ಬಾಯಿಬಿಟ್ಟು ಅನಬೇಕಿತ್ತು," ಎಂದರು ವಿರೂಪಾಕ್ಷಪ್ಪ.

ಗುರುಬಸಮ್ಮ ಯಾರ ಮಾತನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಕೂಸಿನ ಹಣೆಗೆ, ರೆಪ್ಪೆಗೆ ಹುರುಳಿಯ ಹೊಟ್ಟು ಹತ್ತಿತ್ತು. ಅದನ್ನು ಬೆರಳ ತುದಿಯಿಂದ ಮೆಲ್ಲಗೆ ತೆಗೆಯುತ್ತಿದ್ದಳು. ಕೊಟ್ರಮ್ಮ ಬಗ್ಗಿ ಕೂಸನ್ನು ಮರಳಿ ತೆಗೆದುಕೊಂಡು, ಕೋಪವಿಲ್ಲದ ದನಿಯಲ್ಲಿ ಕೇಳಿದಳು: "ಬರೂ ವಾರ ಹೊಲಿಗಿ ತೋರ್ಸಾಕ ಬಳ್ಳಾರಿಗೆ ಹೋಗಬೇಕಜ್ಜಿ. ಇದ ದಾರೀಲೆ ಹೋಗಬೇಕಲ್ಲ?"

ವಿರೂಪಾಕ್ಷಪ್ಪನವರು ಬಾಡಿಗೆ ಗಾಡಿ ತರಿಸಿ ಮಗಳನ್ನು ಮನೆಗೆ ಕರೆದುಕೊಂಡು ಹೋದರು. ಗಾಡಿ ಮರೆಯಾದ ಮೇಲೆ ಗುರುಬಸಮ್ಮ ಎದ್ದು, ಕವೆಗೋಲು ತೆಗೆದುಕೊಂಡು, ಸುಡದೆ ಉಳಿದ ಹುರುಳಿಯನ್ನು ರಸ್ತೆಯಿಂದ ಬದಿಗೆ ಎಳೆಯತೊಡಗಿದಳು.

"ಎಲ್ಲಿಗೆ ಹಾಕೂದಬೇ ಇದನ್ನ?" ಎಂದ ಮರಿಬಸಪ್ಪ.

"ಕಣಕ್ಕ."

"ಕಣದಾಗ ಆಳುದ್ದ ಹುಲ್ಲು ಬೆಳದೈತಿ."

"ಕೆತ್ತು."

ಮುಂದಿನ ವಾರ ಹುಬ್ಬಳ್ಳಿಯಿಂದ ಕ್ಲಿಪ್ಪು ಬಂದವು. ಅಡಿಭಾಗ ಸುಟ್ಟ ಕಾರು ಇನ್ನೂ ಹೊಲದ ಮುಂದಿನ ಜಾಲಿ ಮರದಡಿಯೇ ಇತ್ತು. ಮಾರನೆಯ ದಿನವೇ ಕೊಟ್ರಮ್ಮ ಬಳ್ಳಾರಿಗೆ ಹೋಗಬೇಕಾಗಿತ್ತು. ಕಾಡಸಿದ್ದಪ್ಪ ಹೊಸ ತಟ್ಟೆ, ಹೊಸ ವೈರು, ಕ್ಲಿಪ್ಪಿನ ಡಬ್ಬಿ ತೆಗೆದುಕೊಂಡು, ಕೈಗೆ ಪಟ್ಟಿ ಸುತ್ತಿಕೊಂಡೇ ಬಂದಿದ್ದ. ಕಣದಲ್ಲಿ ಬಾಡಿಗೆಯ ಎತ್ತು ಹೊಡೆದು ಒಕ್ಕಿದ ಹುರುಳಿ ರಾಶಿಯಾಗಿತ್ತು. ಆದರೂ ಅವನ ಜೀವಕ್ಕೆ ಸಮಾಧಾನವಿರಲಿಲ್ಲ. ಕಾರಿನಡಿಗೆ ಸರಿಯುವ ಮುಂಚೆ ನೋಡಿದ್ದ: ಪಕ್ಕದ ಹೊಲದ ಪಕ್ಕೀರಪ್ಪ ಅದೇ ಜಾಗದಲ್ಲಿ ಬಂಡಿ ನಿಲ್ಲಿಸಿ ನವಣೆ ಇಳಿಸುತ್ತಿದ್ದ.

"ನೀವು ಬಿಟ್ರಲ್ಲ ಗುರುಬಸವ್ವ, ರಸ್ತೆ ಖಾಲಿ ಐತಿ ಅಂತ ತಂದೆ," ಎಂಬ ಪಕ್ಕೀರಪ್ಪನ ಮಾತು ಕೇಳಿಸಿತು.

ಇನ್ನು ಅವ್ವ ಜಗಳಕ್ಕೆ ನಿಲ್ಲುತ್ತಾಳೆ ಎಂದುಕೊಂಡ. ಜಗಳ ಕೇಳಿಸಲಿಲ್ಲ.

"ನಂದು ಮುಗದೈತಿ ಪಕ್ಕೀರ. ಕಣ ಸಾರಿಸಿದ್ದು ಹಂಗ ಐತಿ, ಎತ್ತೂ ಸಂಜೀತನಕ ಅದಾವ. ಅಲ್ಲಿ ಹಾಕ್ಕೋ."

"ಅಲ್ಲೀತನಕ ಬಂಡಿ ಹೋಗಂಗಿಲ್ಲ. ಹೊರೂರ್ಯಾರು?"

ಕಾಡಸಿದ್ದಪ್ಪ ಮಲಗಿದ್ದಲ್ಲಿಂದ ಕಾಣುತ್ತಿದ್ದದ್ದು ರಸ್ತೆ, ಕಾಲು ಅಷ್ಟೇ. ತಾಯಿಯ ಒಡೆದ ಹಿಮ್ಮಡಿಗಳು ಬಂಡಿಯ ಬಳಿ ಹೋಗಿ ನಿಂತವು. ಸ್ವಲ್ಪ ಹೊತ್ತಿಗೆ ತಲೆಯ ಮೇಲಿನ ಹೊರೆಯ ಭಾರಕ್ಕೆ ಒತ್ತಿ ಒತ್ತಿ ಹೆಜ್ಜೆ ಇಡುತ್ತ ಕಾರಿನ ಪಕ್ಕದಿಂದಲೇ ಕಣದ ಕಡೆ ನಡೆದವು. ಪಕ್ಕೀರಪ್ಪನ ಚಪ್ಪಲಿ ಇದ್ದಲ್ಲೇ ಇದ್ದವು. ಅವು ಅತ್ತ ಒಮ್ಮೆ, ಇತ್ತ ಒಮ್ಮೆ ತಿರುಗಿದವು. ಕಾಡಸಿದ್ದಪ್ಪ ಉಸಿರು ಹಿಡಿದು ನೋಡುತ್ತಿದ್ದ.

ಕೊನೆಗೆ ಆ ಚಪ್ಪಲಿಗಳೂ ಭಾರವಾಗಿ ಊರುತ್ತ ಗುರುಬಸಮ್ಮನ ಹಿಂದೆಯೇ ಕಣದ ಕಡೆ ಹೋದವು. ಅವನು ಮೇಲೆ ನೋಡಿ, ಉಳಿದಿದ್ದ ಕ್ಲಿಪ್ಪನ್ನು ಹೆಬ್ಬೆರಳಿನಿಂದ ಒತ್ತಿದ. ಅದು ಟಕ್ಕೆಂದು ಕೂತಿತು.