ಹಾಸಿಗೆ ಅಂಗಡಿಯ ಬಾವ

ನನ್ನ ಸೋದರಮಾವ ಹಾಸಿಗೆ ಹೊಲಿದು ಮಾರುವವರು. ಆದರೆ ಅವರು ಹಾಸಿಗೆಯ ಮೇಲೆ ಮಲಗಿದ್ದನ್ನು ನಾನು ಬಹುಕಾಲ ಕಂಡಿರಲಿಲ್ಲ. ಆ ಬೀದಿಯ ಅರ್ಧ ಮನೆಗಳ ನಿದ್ದೆಗೆ ಅವರ ಕೈಯ ಹೊಲಿಗೆಯೇ ಆಧಾರ. ಅವರ ಸ್ವಂತ ನಿದ್ದೆ ಮಾತ್ರ ಎತ್ತರದ ಬೆನ್ನಿನ ಒಂದು ಕುರ್ಚಿಯಲ್ಲಿ, ಎರಡು ದಿಂಬುಗಳ ನಡುವೆ ಕತ್ತನ್ನು ಒರಗಿಸಿಕೊಂಡು, ಬಾಯಿ ತುಸು ತೆರೆದು, ಕೂತಲ್ಲೇ ಸಾಗುತ್ತಿತ್ತು. ಮಲಗಿದರೆ ಮೂಗು ಪೂರ್ತಿ ಕಟ್ಟಿಹೋಗುತ್ತದೆ ಎಂಬುದು ಕಾರಣ. ಕೂತಾಗಲೂ ಅದೇನು ಧಾರಾಳವಾಗಿ ತೆರೆದುಕೊಳ್ಳುತ್ತಿತ್ತೆಂದಲ್ಲ.

ಅವರು ನಡೆಯುವುದೂ ಹಾಗೆಯೇ: ಮುಖವನ್ನು ಕೊಂಚ ಮೇಲಕ್ಕೆತ್ತಿ, ಮಹಡಿಯಿಂದ ಯಾರೋ ಮೆಲ್ಲಗೆ ಕರೆದದ್ದನ್ನು ಆಲಿಸುವವರಂತೆ, ಅವಸರವೆಂಬುದು ತಮಗೆ ಸಂಬಂಧಪಡದ ಸಂಗತಿಯೆಂಬಂತೆ. ಸದಾ ಒಂದೇ ಬೂದುಬಣ್ಣದ ಕೋಟು. ಅದರ ಭುಜಗಳ ಮೇಲೆ, ಕಾಲರಿನ ಮಡಿಕೆಯಲ್ಲಿ, ಕೆಲವೊಮ್ಮೆ ಹುಬ್ಬಿನ ಮೇಲೂ ಹತ್ತಿಯ ಎಳೆಗಳು. ಅಂಗಡಿಯ ನೆರಳಿನಿಂದ ಬೀದಿಯ ಬಿಸಿಲಿಗೆ ಕಾಲಿಟ್ಟಾಗ ಆ ಎಳೆಗಳೆಲ್ಲ ಏಕಕಾಲಕ್ಕೆ ಬೆಳಗಿ, ಮಾವ ಯಾವುದೋ ಮೋಡದೊಳಗೆ ರಾತ್ರಿ ಕಳೆದು ಈಗ ತಾನೇ ಇಳಿದು ಬಂದವರಂತೆ ಕಾಣುತ್ತಿದ್ದರು.

ಕೋಟಿನ ಒಳಜೇಬಿನಲ್ಲಿ ಮೂಗಿಗೆ ಬಿಟ್ಟುಕೊಳ್ಳುವ ಔಷಧದ ಪುಟ್ಟ ಸೀಸೆ ಇರುತ್ತಿತ್ತು. ಗಿರಾಕಿಯೊಡನೆ ಬಟ್ಟೆಯ ಬಣ್ಣದ ವಿಚಾರ ಮಾತಾಡುತ್ತಿರುವಾಗಲೇ, ಯಾವ ಮುನ್ಸೂಚನೆಯೂ ಇಲ್ಲದೆ, ಅವರು ತಲೆಯನ್ನು ಹಿಂದಕ್ಕೆ ಚೆಲ್ಲಿ ಛಾವಣಿ ನೋಡುತ್ತ ಹನಿ ಬಿಟ್ಟುಕೊಂಡು, ಹಾಗೆಯೇ ನಿಂತುಬಿಡುತ್ತಿದ್ದರು. ಗಿರಾಕಿಯೂ ತಲೆಯೆತ್ತಿ ಛಾವಣಿಯನ್ನೇ ನೋಡುತ್ತಿದ್ದ. ಒಮ್ಮೆ ಮೂವರು ಗಿರಾಕಿಗಳು ಸಾಲಾಗಿ ನಿಂತು ಮೇಲೆ ನೋಡುತ್ತಿದ್ದಾಗ ಅತ್ತೆ ಒಳಗಿಂದ ಬಂದು, ತಾವೂ ಒಮ್ಮೆ ಮೇಲೆ ನೋಡಿ, "ಅಲ್ಲೇನೂ ಇಲ್ಲ, ಇವರ ಮೂಗು ಇಲ್ಲೇ ಇದೆ" ಎಂದು ಎಲ್ಲರನ್ನೂ ಭೂಮಿಗೆ ಇಳಿಸಿದ್ದರು.

ಕಟ್ಟಿದ ಮೂಗಿನಲ್ಲಿ 'ಮ' ಹುಟ್ಟುವುದಿಲ್ಲ, 'ನ' ನಿಲ್ಲುವುದಿಲ್ಲ. ಅವರ ಬಾಯಲ್ಲಿ ಮನೆ ಬದೆಯಾಗುತ್ತಿತ್ತು, ಮಾತು ಬಾತಾಗುತ್ತಿತ್ತು. ಮದುವೆಯಾದ ಹೊಸದರಲ್ಲಿ ಅತ್ತೆಯ ತಂದೆಯನ್ನು ಅವರು ಭಯಭಕ್ತಿಯಿಂದ "ಬಾವಾ" ಎಂದು ಕರೆದಾಗ ಆ ಹಿರಿಯರು ಹಿಂತಿರುಗಿ ತಮ್ಮ ಹಿಂದೆ ಯಾರಿದ್ದಾರೆಂದು ಹುಡುಕಿದರಂತೆ. ಆ ಕತೆ ಬೀದಿಗೆ ಬಿದ್ದದ್ದೇ ತಡ, ಬೀದಿಗೆಲ್ಲ ಅವರೇ ಬಾವನಾದರು. ಆಕಾಶ ಕಪ್ಪಾದಾಗ ಅವರು ಬಾಗಿಲಲ್ಲಿ ನಿಂತು "ಬಳೆ ಬರೋ ಹಾಗಿದೆ" ಎನ್ನುವರು; ಅತ್ತೆ ಒಳಗಿನಿಂದಲೇ, "ಬಂದ್ರೆ ನನ್ನ ಕೈಗೇ ಬರ್ಲಿ, ಎಷ್ಟು ವರ್ಷ ಆಯ್ತು" ಎನ್ನುವರು. ಓದಿನ ದಿನಗಳಲ್ಲಿ ಆ ಅಂಗಡಿಯ ಮೇಲಿನ ಕೋಣೆಯಲ್ಲಿ ನಾನಿದ್ದಾಗ, ಮಳೆ ಬಂದಾಗಲೆಲ್ಲ ಈ ಎರಡು ಮಾತುಗಳು ಒಂದರ ಹಿಂದೊಂದು ಮೆಟ್ಟಿಲೇರಿ ಬರುತ್ತಿದ್ದವು. ಮುಂದೆ ಅವರ ಮಾತನ್ನು ನಾನು ಮ-ನ ತಿದ್ದಿಯೇ ಬರೆಯುತ್ತೇನೆ. ಓದುವವರಿಗೆ ಕಷ್ಟ ಬೇಡ.

ಮೂಗಿಗೆ ಮದ್ದು ಹೇಳದವರು ಆ ಬೀದಿಯಲ್ಲಿ ಇರಲಿಲ್ಲ. ಬಿಸಿನೀರಿನ ಹಬೆ ಎಂದರು ಒಬ್ಬರು. ಬೆಳಿಗ್ಗೆ ತಣ್ಣೀರ ಸ್ನಾನ ಎಂದರು ಇನ್ನೊಬ್ಬರು. ಎದುರಿನ ಪುಸ್ತಕದ ಬೈಂಡರು ಮಾತ್ರ, "ಹತ್ತಿ ಬಿಡಿ ಬಾವ, ಕಬ್ಬಿಣದ ಅಂಗಡಿ ಇಡಿ" ಎಂದು ನಗುತ್ತಿದ್ದರು. ಮಾವ ಎಲ್ಲವನ್ನೂ ಕೇಳಿ, ಎಲ್ಲರಿಗೂ ತಲೆದೂಗಿ, ಸೀಸೆ ತೆಗೆದು ಛಾವಣಿ ನೋಡುತ್ತಿದ್ದರು. ವೈದ್ಯರ ಮಾತೆತ್ತಿದರೆ, "ಉಸಿರಾಡ್ತಾ ಇದೀನಲ್ಲೋ, ಇನ್ನೇನು?" ಎನ್ನುವರು.

ಮಾವನ ಮಗಳು ಕಾಲೇಜು ಮುಗಿಸಿ ಮಧ್ಯಾಹ್ನ ಮನೆಗೆ ಬಂದರೆ ಹಿಂದಿನ ಕೋಣೆಯ ಹತ್ತಿ ಮೂಟೆಗಳ ಮೇಲೆ ಒರಗಿ ಒಂದು ನಿದ್ದೆ ತೆಗೆಯುವುದು ವಾಡಿಕೆ. ಬೀದಿಯೆಲ್ಲ ತೂಕಡಿಸುವ ಹೊತ್ತು. ಬಾಗಿಲ ಸಂದಿಯಿಂದ ಬಂದ ಬೆಳಕಿನ ಪಟ್ಟಿಯಲ್ಲಿ ಹತ್ತಿಯ ಧೂಳು ತನ್ನಷ್ಟಕ್ಕೆ ಏರುತ್ತ ಇಳಿಯುತ್ತ ಇರುವ ಹೊತ್ತು. ಅಂಥದೊಂದು ಮಧ್ಯಾಹ್ನ ಗೋಡೆಯ ಹಳೆಯ ವಿದ್ಯುತ್ ತಂತಿಯಿಂದ ಒಂದು ಕಿಡಿ ಮೂಟೆಗಳ ಹಿಂದೆ ಬಿತ್ತು. ಹತ್ತಿ ಒತ್ತಾಗಿ ತುಂಬಿದ್ದರೆ ಭಗ್ಗೆಂದು ಉರಿಯುವುದಿಲ್ಲ. ಜ್ವಾಲೆಯಿಲ್ಲದೆ, ಸದ್ದಿಲ್ಲದೆ, ಒಳಗೊಳಗೇ ಕನಲುತ್ತದೆ. ಮಾವ ಮುಂದಿನ ಕೋಣೆಯಲ್ಲಿ ಆ ಬಾಗಿಲಿಗೆ ಬೆನ್ನು ಮಾಡಿ ಕೂತು ಒಂದು ಹಾಸಿಗೆಯ ಅಂಚು ಹೊಲಿಯುತ್ತಿದ್ದರು. ನಾನು ಆಗ ತಾನೇ ಬೀದಿಯ ತಿರುವಿಗೆ ಬಂದಿದ್ದೆ. ಸುಟ್ಟ ವಾಸನೆ ನನಗೆ ಅಲ್ಲಿಗೇ ಬಡಿಯಿತು. ಬೈಂಡರು ಅಂಟಿನ ಕೈಯಲ್ಲೇ ರಸ್ತೆ ದಾಟಿ ಓಡುತ್ತಿದ್ದರು, ಅವರ ಹಿಂದೆ ನಾನೂ ಓಡಿದೆ.

"ಬಾವ! ಒಳಗೆ ಏನೋ ಸುಡ್ತಿದೆ! ಬೀದಿಗೆಲ್ಲ ವಾಸನೆ ಬಂದಿದೆ, ನಿಮಗೆ ಗೊತ್ತಾಗ್ಲಿಲ್ವಾ?"

ಮಾವ ಸೂಜಿಯನ್ನು ಹಾಗೆಯೇ ಹಿಡಿದು ಎದ್ದರು. ಬಾಗಿಲು ತಳ್ಳಿದಾಗ ಹೊಗೆ ಗೋಡೆಯಂತೆ ನಿಂತಿತ್ತು. ಬೈಂಡರು ಮುಖಕ್ಕೆ ಬಟ್ಟೆ ಸುತ್ತಿಕೊಳ್ಳುವಷ್ಟರಲ್ಲಿ ಮಾವ ಒಳಹೊಕ್ಕು ಮಗಳನ್ನು ತೋಳಿನಲ್ಲಿ ಎತ್ತಿಕೊಂಡೇ ಬಂದಿದ್ದರು. ಎಂದೂ ಅವಸರ ಮಾಡದ ಆ ಮನುಷ್ಯ ಹಾಗೆ ನುಗ್ಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಬೀದಿಯ ಗಾಳಿ ತಗುಲಿದ ಮೇಲೆ ಹುಡುಗಿ ಕೆಮ್ಮಿದಳು, ಕಣ್ಣು ಬಿಟ್ಟಳು, ಸುತ್ತ ನೆರೆದ ಜನರನ್ನು ನೋಡಿ, "ಏನಾಯ್ತಪ್ಪಾ?" ಎಂದಳು. ನೀರು ಹೊಯ್ದು ಮೂಟೆಗಳನ್ನು ಹೊರಗೆಳೆದು ಜನ ಚದುರಿದ ಮೇಲೂ ಮಾವ ಅಂಗಡಿಯ ಮುಂದಿನ ಕಲ್ಲುಕಟ್ಟೆಯ ಅಂಚಿನ ಮೇಲೆ ಮಗಳ ಕೈ ಹಿಡಿದು ಕೂತೇ ಇದ್ದರು. ಮರುದಿನ ಬೆಳಿಗ್ಗೆ ನನ್ನ ಬಾಗಿಲು ತಟ್ಟಿ, "ನಡಿ, ಡಾಕ್ಟರ ಹತ್ರ ಹೋಗೋಣ. ಅಲ್ಲಿ ಹೇಳಿದ್ದು ನನಗೆ ಅರ್ಥ ಆಗದಿದ್ರೆ ನೀನಿರು" ಎಂದರು.

ಮೂಗಿನ ಡಾಕ್ಟರಮ್ಮ ಸಣ್ಣ ದೀಪದಲ್ಲಿ ಇಣುಕಿ ನೋಡಿ, ಮೊದಲು ಆ ಸೀಸೆಯನ್ನು ಕೇಳಿ ತೆಗೆದುಕೊಂಡರು.

"ಇದನ್ನ ಎಷ್ಟು ಕಾಲದಿಂದ ಹಾಕ್ತಿದೀರಿ?"

"ಮಗಳು ಹುಟ್ಟೋಕೆ ಮುಂಚಿಂದ."

"ಇದು ನಾಲ್ಕೈದು ದಿನಕ್ಕೆ ಇರೋ ಔಷಧ, ಯಜಮಾನರೇ. ಹಾಕಿದಾಗ ತೆರೆಯುತ್ತೆ, ಇಳಿದ ಮೇಲೆ ಮೊದಲಿಗಿಂತ ಜಾಸ್ತಿ ಊದಿಸುತ್ತೆ. ಈಗ ನಿಮ್ಮ ಮೂಗು ಕಟ್ಟಿಸ್ತಿರೋದ್ರಲ್ಲಿ ಇದರದ್ದೂ ದೊಡ್ಡ ಪಾಲಿದೆ."

ಆಮೇಲೆ ಒಂದೊಂದಾಗಿ ವಿವರಿಸಿದರು. ಧೂಳು ಮಾವನ ಮೈಗೆ ಒಗ್ಗದು. ಮೂಗಿನ ನಡುವಣ ಗೋಡೆಯೂ ಒಂದು ಕಡೆಗೆ ಸೊಟ್ಟಗಿದೆ. ಹನಿಯನ್ನು ಮೊದಲು ಒಂದು ಹೊಳ್ಳೆಗೆ ನಿಲ್ಲಿಸಬೇಕು, ಅದು ಸುಧಾರಿಸಿಕೊಂಡ ಮೇಲೆ ಇನ್ನೊಂದಕ್ಕೆ. ಕುದಿಸಿ ಆರಿಸಿದ ಉಪ್ಪುನೀರಿನಿಂದ ಮೂಗು ತೊಳೆಯಬೇಕು. ದಿನವೂ ಬೇರೆಯದೊಂದು ಸ್ಪ್ರೇ. ಅದು ಆ ಕ್ಷಣಕ್ಕೆ ಏನೂ ಮಾಡಿದಂತೆ ಕಾಣದು, ವಾರಗಳ ಮೇಲೆ ಊತ ಇಳಿಸುತ್ತದೆ, ತಾಳ್ಮೆ ಬೇಕು. ಇಷ್ಟಾದರೂ ದಾರಿ ಬಿಡದಿದ್ದರೆ ಶಸ್ತ್ರಚಿಕಿತ್ಸೆಯಿಂದ ಗೋಡೆ ನೆಟ್ಟಗೆ ಮಾಡಬಹುದು. ಆದರೆ ಕತ್ತರಿ ಧೂಳಿನ ಕಾಯಿಲೆಯನ್ನು ವಾಸಿ ಮಾಡುವುದಿಲ್ಲ.

"ಹತ್ತಿ ಬಿಡಬೇಕಾ?" ಎಂದರು ಮಾವ.

"ಬಿಟ್ರೆ ಒಳ್ಳೇದು. ಆಗಲ್ಲ ಅಂದ್ರೆ ಹತ್ತಿ ಹಿಂಜೋದನ್ನ ಬೇರೆಯವರಿಗೆ ಕೊಡಿ, ಬಾಯಿ ಮೂಗಿಗೆ ಮಾಸ್ಕ್ ಹಾಕಿ, ಮಲಗೋ ಮನೆಗೆ ಆ ಕೋಟು ತರಬೇಡಿ."

"ವಾಸನೆ? ವಾಪಸ್ ಬರುತ್ತಾ?"

ಡಾಕ್ಟರಮ್ಮ ಆ ಸೀಸೆಯನ್ನು ಬದಿಗಿಟ್ಟರು. "ಬರಬಹುದು. ಪೂರ್ತಿ ಬರುತ್ತೆ ಅಂತ ನಾನು ಹೇಳಲ್ಲ."

ಹನಿ ಬಿಟ್ಟ ಮೊದಲ ವಾರಗಳಲ್ಲಿ ಮಾವ ಮನೆಯೊಳಗೆ ದಿಕ್ಕುತಪ್ಪಿದ ದೋಣಿಯಂತೆ ಅಲೆದರು. ಕೈ ತನ್ನಷ್ಟಕ್ಕೆ ಒಳಜೇಬಿಗೆ ಹೋಗುವುದು, ಬರಿದಾಗಿ ಬರುವುದು. ಅತ್ತೆ ಉಪ್ಪುನೀರು ಕಾಯಿಸಿ ಆರಿಸಿ ತರುವರು. ಮಗಳು ಎದುರಿಗೆ ಕೂತು, "ಬಗ್ಗಪ್ಪಾ, ಇನ್ನೂ ಬಗ್ಗು, ಬಾಯಲ್ಲಿ ಉಸಿರಾಡು" ಎಂದು ಮಗುವಿಗೆ ಹೇಳುವಂತೆ ಹೇಳುವಳು. ಮೊದಲ ದಿನ ನೀರೆಲ್ಲ ಬಾಯಿಂದ ಬಂದು, ಮೂವರೂ ನಕ್ಕು, ನಗುವಿನ ನಡುವೆ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಹಾಗೂ ಹೀಗೂ ಒಂದು ಹೊಳ್ಳೆ ತೆರೆಯಿತು. ಇನ್ನೊಂದು ಹಟ ಬಿಡಲಿಲ್ಲ. ಕೊನೆಗೆ ಆಸ್ಪತ್ರೆ ಸೇರಿ ಗೋಡೆ ಸರಿಮಾಡಿಸಿಕೊಂಡು, ಮೂಗೆಲ್ಲ ಊದಿಸಿಕೊಂಡು ಬಂದರು.

ಊತ ಇಳಿದ ಮೇಲೆ ಅವರು "ಮಗಳೇ" ಎಂದು ಮೊದಲ ಸಲ ಸ್ಪಷ್ಟವಾಗಿ ಕರೆದಾಗ ಆಕೆ, "ಯಾರೋ ಬೇರೆಯವರು ಕರೆದ ಹಾಗಾಯ್ತು, ಇನ್ನೊಂದ್ಸಲ ಕರಿ" ಎಂದಳು. ಅವರು ಕರೆದರು. ಅಂಗಡಿ ಮುಂದುವರಿಯಿತು, ಹತ್ತಿ ಹಿಂಜುವ ಕೆಲಸ ಹೊರಗಿನವರಿಗೆ ಹೋಯಿತು, ಮಾವ ಮಾಸ್ಕ್ ಹಾಕಿ ಹೊಲಿಗೆಗೆ ಕೂತರು.

ವಾಸನೆ ಮಾತ್ರ ಬಹಳ ತಡವಾಗಿ, ನಿದ್ದೆಯಲ್ಲಿ ನಡೆದು ಬಂದವರಂತೆ ಬಂತು. ಹಿಂದಿನ ಕೋಣೆಗೆ ಆ ಹೊತ್ತಿಗೆ ಹೊಸ ತಂತಿ, ಹೊಸ ಸುಣ್ಣ ಆಗಿತ್ತು. ಅಲ್ಲಿ ಏನೋ ಸುಟ್ಟಿತ್ತೆಂಬುದು ನಮ್ಮ ಮೂಗುಗಳಿಗೆ ಮರೆತೇಹೋಗಿತ್ತು. ಒಂದು ಮಧ್ಯಾಹ್ನ ಮಾವ ಅಲ್ಲಿಗೆ ದಾರದ ಉಂಡೆ ತರಲು ಹೋದವರು ಬಾಗಿಲ ಚೌಕಟ್ಟನ್ನು ಹಿಡಿದು ನಿಂತುಬಿಟ್ಟರು. ಮಾಸ್ಕ್ ಕೆಳಗೆ ಸರಿಸಿ, ಗೋಡೆಯ ಹತ್ತಿರ ಹೋಗಿ, ಒಮ್ಮೆ ಉಸಿರೆಳೆದರು. ಮರದ ತೊಲೆಯಲ್ಲಿ ಇಂಗಿದ್ದ ಹೊಗೆಯ ಕೊನೆಯ ಅಂಶ ಅವರನ್ನು ಮುಟ್ಟಿತ್ತು. ಮುಖ ಬಿಳಿಚಿಕೊಂಡು ಹೊರಬಂದು ನನ್ನನ್ನು ಕೇಳಿದರು: "ಇವತ್ತೇ ಇಷ್ಟಿದ್ರೆ, ಆವತ್ತು ಎಷ್ಟಿತ್ತೋ?"

ಉತ್ತರಕ್ಕೆ ಕಾಯದೆ ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಮಗಳು ಓದುತ್ತಿದ್ದಲ್ಲಿಗೆ ಹೋಗಿ, ಯಾವ ಕಾರಣವೂ ಇಲ್ಲದವರಂತೆ ಅವಳ ಪಕ್ಕ ಕೂತರು.

ತಮ್ಮ ಪಾಲಿನ ಗಾಳಿಯಲ್ಲಿ ಅರ್ಧವನ್ನಷ್ಟೇ ಪಡೆದು, ಉಳಿದರ್ಧವನ್ನು ಕೇಳಲು ಸಂಕೋಚಪಟ್ಟು ಬದುಕುವ ಜನ ಎಲ್ಲ ಮನೆಗಳಲ್ಲೂ ಇದ್ದಾರೆ. ಅವರ ತೊಂದರೆ ಎಷ್ಟು ಮೆತ್ತಗಿನದೆಂದರೆ, ಸುತ್ತಲಿನವರಿಗೆ ಅದು ಕಾಲಕ್ರಮೇಣ ಅವರ ಸ್ವಭಾವವೇ ಎನಿಸಿಬಿಡುತ್ತದೆ. ಅದಕ್ಕೊಂದು ಅಡ್ಡಹೆಸರು, ಒಂದು ತಮಾಷೆ, ಒಂದು ಅಕ್ಕರೆ ಹುಟ್ಟಿಕೊಳ್ಳುತ್ತದೆ. ಅವರೂ ಆ ಅಕ್ಕರೆಯನ್ನು ಕಳೆದುಕೊಳ್ಳಲಾರದೆ ನೋವನ್ನು ನೋವೆಂದು ಹೇಳುವುದಿಲ್ಲ. ತಮಗಾಗಿ ಇಂಥವರು ಎಂದೂ ವೈದ್ಯರ ಬಾಗಿಲು ತಟ್ಟಲಾರರು. ಪ್ರೀತಿಸಿದವರೊಬ್ಬರಿಗೆ ತಮ್ಮ ಕೊರತೆಯಿಂದ ಕೇಡಾದೀತೆಂದು ತಿಳಿದ ದಿನ ಮಾತ್ರ, ಯಾರೂ ಹೇಳದೆಯೇ ಎದ್ದು, ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಾರೆ.