ಲಾಭ, ಒಂದು, ಎರಡು

ಕಂಡಿಕೆಗಳು ನೆಲಕ್ಕೆ ಸುರಿದ ಸದ್ದು, ಮಗ್ಗಕ್ಕೆ ನೂಲು ಸುತ್ತುವ ಬೆರಳುದ್ದದ ಖಾಲಿ ಕಡ್ಡಿಗಳು, ಬನಹಟ್ಟಿಯ ಯಾವ ಮನೆಯಲ್ಲಿಲ್ಲ, ಇಪ್ಪತ್ನಾಲ್ಕು ತಂದಿದ್ದೇನೆ, ಬಿಸಿಯೂಟದ ನಾಲ್ಕು ತಟ್ಟೆ ಇಟ್ಟಿದ್ದೇನೆ, ನಾಲ್ಕನೇ ತರಗತಿ ಪೂರ್ತಿ ಮೊಣಕಾಲೂರಿ ಬಗ್ಗಿದೆ, ಬಾಗಿಲಲ್ಲಿ ಕೂತ ಅಕ್ಷತಾಳ ಅಜ್ಜಿ ಭಾಗವ್ವ, ಗಂಟಿ ಹೊಡ್ಯೂತನಕ ನೋಡ್ತೇನ್ರಿ ಟೀಚರ, ಭಾಗಾಕಾರ ತಲಿಗೆ ಹತ್ತಲಿಲ್ಲಂದ್ರ ನಾಳಿಂದ ಮನ್ಯಾಗ ಕಂಡಿಕಿ ಸುತ್ತಲಿ — ಸುತ್ತಲಿ ಎಂದರೆ ಶಾಲೆ ಮುಗಿಯಿತು, ಒಂಬತ್ತು ವರ್ಷಕ್ಕೇ, ಇಲ್ಲ, ಬಿಡುವುದಿಲ್ಲ, ಏನಾದರೂ ಇಷ್ಟು ಬೇಕೆನ್ನಿಸಿ ಎಂಟು ತಿಂಗಳಾಯಿತು, ಗಂಡ ವೀರೇಶ ಸತ್ತ ಮೇಲೆ ಅವನ ಹೆಸರು ಹೇಳಿದರೂ ಯಾರದೋ ಹಾಜರಿ ಕೂಗಿದ ಹಾಗೆ, ಈಗ ನೋಡಿದರೆ ನಾನೂ ಮಕ್ಕಳ ಜೊತೆ ಮೊಣಕಾಲೂರಿದ್ದೇನೆ, ಅಕ್ಷತಾ ಹಂಚುತ್ತಿದ್ದಾಳೆ, ತಟ್ಟೆಗೊಂದು, ತಟ್ಟೆಗೊಂದು, ಕೈಯಲ್ಲಿ ತಪ್ಪೇ ಇಲ್ಲ, ಎಷ್ಟೆಷ್ಟು ಬಂತವ್ವಾ, ಐದೈದ್ರಿ, ಪಕ್ಕದ ಹುಡುಗಿ ಮಧುಮತಿ ಕಿಸಕ್ಕೆಂದಳು, ಆರ ಅದಾವ ಬೇ ಕುಡ್ಡಿ, ಭಾಗವ್ವ ಎದ್ದೇಬಿಟ್ಟಳು, ಆತು, ಏಳ ನಡಿ.

ತಾಳ್ರಿ ಯವ್ವಾ, ಇನ್ನೊಮ್ಮೆ, ಈ ಸಲ ಬಾಯಿಬಿಟ್ಟು ಎಣಿಸು — ಲಾಭ, ಒಂದು, ಎರಡು, ಮೂರು, ನಾಕು, ಐದು — ಲಾಭ! ನಮ್ಮ ಹುನ್ನೂರಿನ ಕಣದಲ್ಲಿ ಜೋಳ ಅಳೆಯುವಾಗ ಅಪ್ಪ ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, ಶುಭಕ್ಕೆಂದು ಲಾಭ ಅನ್ನುತ್ತಾನೆ, ಆಮೇಲೆ ಎರಡು, ಅಯ್ಯೋ ಇಷ್ಟೇ, ಇಷ್ಟೇ, ಗಣಿತದಲ್ಲಿ ಎಂ.ಎಸ್ಸಿ. ಮಾಡಿದವಳು ಮೂರು ತಿಂಗಳು ಇದಕ್ಕೆ ಕೆಂಪು ಗೆರೆ ಎಳೆದೆ, ಒಂದು ಕಡಿಮೆ, ಯಾವಾಗಲೂ ಒಂದೇ ಕಡಿಮೆ, ಭಾಗವ್ವ ಹಣೆ ಬಡಿದುಕೊಳ್ಳುತ್ತಾಳೆ, ಲೇ ಹುಚ್ಚಿ, ಲಾಭ ಅಂದಮ್ಯಾಲ ಎರಡು ಅನ್ಬೇಕು, ಒಂದು ಅಂತ ಯಾರ ಕಲಿಸ್ಯಾರ, ಟೀಚರ ಒಂದರಿಂದ ಎಣಸು ಅಂತಾರ, ನೀ ಲಾಭದಿಂದ ಅಂತಿ, ಅದಕ್ಕ ಲಾಭಾನೂ ಅಂದೆ, ಒಂದೂ ಅಂದೆ, ಅಕ್ಷತಾ ಅಜ್ಜಿಗೇ ತಿರುಗಿದಳು, ತರಗತಿಯೆಲ್ಲ ಹೋ ಎಂದಿತು, ಭಾಗವ್ವ ಬಾಯಿಗೆ ಸೆರಗು ಒತ್ತಿಕೊಂಡಳು, ಯಾರೋ ಜೋರಾಗಿ ನಗುತ್ತಿದ್ದಾರೆ, ನಾನೇ, ಲಾಭ ಅಂದ್ರನ ಒಂದು ಅವ್ವಿ, ಎಂದೆ, ಅಕ್ಷತಾ ಮತ್ತೆ ಎಣಿಸಿದಳು, ಲಾಭ, ಎರಡು, ಮೂರು — ಆರಾರ್ರಿ! ಟೀಚರ, ಆರಾರು! — ಗಂಟೆ ಹೊಡೆಯಿತು, ನಾಳಿ ಲಗೂನ ಕಳಸ್ತೇನ್ರಿ, ಭಾಗವ್ವ ಒಬ್ಬಳೇ ಗೇಟು ದಾಟಿದಳು, ಒಬ್ಬಳೇ, ಗೆದ್ದೆವು.

ಅಕ್ಷತಾ ನಿಲ್ಲಿಸುವುದಿಲ್ಲ, ಎಲ್ಲಿಂದಲೋ ಇನ್ನೊಂದು ಕಂಡಿಕೆ ತಂದಿದ್ದಾಳೆ, ಇಪ್ಪತ್ತೈದು, ಮತ್ತೆ ಹಂಚಿದಳು, ಆರು, ಆರು, ಆರು, ಆರು, ಟೀಚರ, ಇದೊಂದು ಯಾರ ತಾಟಿಗೂ ಬರವಲ್ದರಿ, ಉಳೀತು, ಉಳದ್ರ ತಪ್ಪೇನ್ರಿ? — ಬೀಳಗಿ ರಸ್ತೆ, ಬೈಕು ಬಿದ್ದಾಗ ವೀರೇಶ ಹೋದ, ಅವನ ಬೆನ್ನಿಗೆ ಒರಗಿ ಕೂತ ನನಗೆ ಮೊಣಕೈ ತರಚಿತ್ತು, ಅಷ್ಟೇ, ಅಷ್ಟೇ — ತಪ್ಪಲ್ಲವ್ವಾ, ಎಂದೆನೋ, ಅನ್ನಬೇಕೋ, ಹುಡುಗಿ ನನ್ನ ಬಾಯನ್ನೇ ನೋಡುತ್ತಿದ್ದಾಳೆ, ತಟ್ಟೆಗಳ ಹೊರಗೆ ಕಂಡಿಕೆ, ಅದರ ತುದಿಯಲ್ಲಿ ಕೆಂಪು ನೂಲಿನ ಒಂದೆಳೆ, ತಟ್ಟೆಗಳ ಹೊರಗೆ, ಬಿಸಿಲಲ್ಲಿ, ಒಂದು ಕಂಡಿಕೆ